ಕರ್ತೃಪದ

ಕಡತ ಬಂದದ್ದು ಮಂಗಳವಾರ, ರಟ್ಟಿನ ಡಬ್ಬಿಯಲ್ಲಿ.
ಮುನ್ನೂರ ಹನ್ನೆರಡು ಹಾಳೆ.
ಅಡುಗೆಮನೆಯ ಮೇಜಿನ ಮೇಲಿಟ್ಟು
ಮಾಟೆನೆ ಎರಡು ದಿನ ಅದರ ಸುತ್ತ ಸುಳಿದ,
ಕಚ್ಚುವ ನಾಯಿಯ ಪಕ್ಕ ಹಾಯುವವನ ಹಾಗೆ.
ಕೊನೆಗೆ ಅಂದ: ಹುಹಾನಾ, ನೀನೇ ಓದು,
ನೀನು ಟೀಚರು.

ಮೊದಲ ಹಾಳೆ ಸ್ಪಷ್ಟವಾಗಿದೆ.
ಎಪ್ಪತ್ನಾಲ್ಕರ ಜೂನ್. ವಯಸ್ಸು ಹನ್ನೊಂದು.
ಕರೆವಾಯ್ ಸರ್ಕಾರಿ ಬಾಲಕರ ಗೃಹ.
ಜೊತೆಗೆ ತಂದ ವಸ್ತುಗಳು: ಅಂಗಿ ಎರಡು, ಬೂಟು ಇಲ್ಲ,
ಮೌತ್ ಆರ್ಗನ್ ಒಂದು, ರೀಡು ಮುರಿದದ್ದು.
ಎಂಥ ದುಂಡು ಅಕ್ಷರ!
ಬರೆದಾತ ಒಮ್ಮೆ ಊದಿ ನೋಡಿರಬೇಕು,
ಇಲ್ಲದಿದ್ದರೆ ಮುರಿದದ್ದು ಹೇಗೆ ತಿಳಿಯಿತು?

ನಲವತ್ತನೆಯ ಹಾಳೆಯಿಂದ ಮಸಿ.
ಸಾಲಿನ ಮೇಲೆ ಸಾಲು ಕಪ್ಪು ಪಟ್ಟಿ,
ಅಂಚಿನಲ್ಲೊಂದು ಮೊಹರು:
ಅನ್ಯರ ಖಾಸಗಿತನದ ರಕ್ಷಣೆಗಾಗಿ.
ರಾತ್ರಿ ಬೀಗದ ಗೊಂಚಲು ಕುಲುಕಿಸಿಕೊಂಡು ಬರುತ್ತಿದ್ದವನ ಹೆಸರು
ಇದರಡಿ ಬೆಚ್ಚಗೆ ಮಲಗಿದೆ.
ನನ್ನ ತಮ್ಮನಿಗೆ ಕೊಟ್ಟಿದ್ದು
ಒಂದೇ ಕಂಬಳಿ.

ಪರಿಹಾರದ ನಮೂನೆ ಕೇಳುತ್ತದೆ:
ಎಷ್ಟು ಸಲ? ಅಂದಾಜು ಸಾಕು.
ಸಾಕ್ಷಿಗಳಿದ್ದಲ್ಲಿ ವಿಳಾಸ ಬರೆಯಿರಿ.
ಸೂರಿನಲ್ಲೊಂದು ನೀರಿನ ಕಲೆ ಇತ್ತು, ಅಂದ ಮಾಟೆನೆ,
ಕುದುರೆಯ ಥರ. ಅದು ನೋಡಿದೆ.
ಬರೀಲಾ?
ಬರಿ. ಕೋಣೆ ಏಳು.

ಕ್ಷಮಾಪಣೆಯ ದಿನ ವೆಲಿಂಗ್ಟನ್‌ನಲ್ಲಿ ದಕ್ಷಿಣದ ಗಾಳಿ
ಕೊಡೆಗಳನ್ನೆಲ್ಲ ಒಳಹೊರಗು ಮಾಡಿತ್ತು.
ಅವನು ಬರಲಿಲ್ಲ. ದೋಣಿಯ ಎಂಜಿನ್ ಬಿಚ್ಚಿ ಕೂತಿದ್ದ.
ಗ್ಯಾಲರಿಯ ತುಂಬ ನರೆತ ಹುಡುಗರು,
ಇಸ್ತ್ರಿಯ ಗೆರೆ ಮುರಿಯದಂತೆ ಕೂತವರು.
ಮಂತ್ರಿ ಓದಿದರು: ನೋವಾಗಿದೆ.
ಲೋಪಗಳಾಗಿವೆ.
ನಂಬಿಕೆಗೆ ಧಕ್ಕೆಯಾಗಿದೆ.

ಆಗಿದೆ, ಆಗಿವೆ,
ನಿನ್ನೆ ರಾತ್ರಿ ಮಳೆಯಾಗಿದೆ ಅನ್ನುವ ಹಾಗೆ.
ಮೂರನೆಯ ತರಗತಿಗೆ ನಾನು ಕಲಿಸುವುದು ಇಷ್ಟೇ:
ಕ್ರಿಯಾಪದ ಸಿಕ್ಕ ಕೂಡಲೇ ಕೇಳಿ, ಯಾರು?
ಎಂಟು ವರ್ಷದ ಕೂಸುಗಳು ಬೆರಳಿಟ್ಟು ತೋರಿಸುತ್ತವೆ.
ನನ್ನ ಕೈ ಚೀಲದೊಳಗೆ ತಾನಾಗಿ
ಕೆಂಪು ಪೆನ್ನು ಹುಡುಕಿತು.
ಹಿಂದಿನ ಸಾಲಿನ ಮುದುಕನೊಬ್ಬ
ಗಟ್ಟಿಯಾಗಿ ಕೇಳಿಯೇ ಬಿಟ್ಟ: ಯಾರು?
ಪರಿಚಾರಕಿ ಓಡಿಬಂದಳು,
ಅವನಿಗೊಂದು ಲೋಟ ನೀರು ತಂದಳು.

ಮನೆ ಸೇರಿದಾಗ ಕತ್ತಲು.
ಮಾಟೆನೆ ಬೆರಳ ಗ್ರೀಸು ಒರೆಸುತ್ತಿದ್ದ, ತಲೆ ಎತ್ತಲಿಲ್ಲ.
ಹೆಸರು ಹೇಳಿದರಾ?
ಕ್ಷಮೆ ಕೇಳಿದರು.
ಹ್ಞೂಂ.
ಬಹಳ ಹೊತ್ತು ಒಂದೇ ಬೆರಳು ಒರೆಸಿದ.
ಮೌತ್ ಆರ್ಗನ್ ಬಗ್ಗೆ ಏನಾದರೂ?

ಕೊನೆಯ ಹಾಳೆ ತೆಗೆದೆ.
ಹಿಂದಿರುಗಿಸಿದ ವಸ್ತುಗಳು: ಖಾಲಿ.
ಪಡೆದವರ ಸಹಿ: ಖಾಲಿ.
ಕೊಟ್ಟವರ ಸಹಿ: ಖಾಲಿ.
ಅಲ್ಲಿ ಮಾತ್ರ
ಯಾರೂ ಮಸಿ ಬಳಿದಿರಲಿಲ್ಲ.