ಬುಟ್ಟಿ

ಗ್ರೀನ್ ಸ್ಟ್ರೀಟಿನ ಒಳತಿರುವಿನಲ್ಲಿ
ಎಂಟಡಿಗೆ ಹನ್ನೊಂದಡಿ.
ಬೋರ್ಡು ಬರೆದ ಪೇಂಟರ್ ದಾಮೂಗೆ ಜಾಗ ಸಾಲದೆ
'ಅನ್ವಿ ಬುಟಿಕ್'ನ ಕೊನೆಯಕ್ಷರ
ಗೋಡೆಯ ಮೂಲೆ ದಾಟಿ ಆಚೆ ಮಡಚಿಕೊಂಡಿತು.
ಎದುರು ನಿಂತವರಿಗೆ ಕಾಣುವುದು 'ಬುಟಿ' ಮಾತ್ರ.

ಎರಡು ವರ್ಷ ನಾನು ನಂಬಿದ್ದು ನೇವಿಯ ಹೆಂಗಸರನ್ನು.
ಅರಗಾದಿಂದ ಸ್ಕೂಟಿಯಲ್ಲಿ ಬಂದು
"ದೀದಿ, ಲಿನನ್ ಇಲ್ಲವಾ?" ಎನ್ನುವರು.
ತರಿಸಿದೆ.
ಪಾರ್ಸೆಲ್ ಬಿಚ್ಚುವಷ್ಟರಲ್ಲಿ
ಕೇಳಿದವರಿಗೆ ವಿಶಾಖಪಟ್ಟಣಕ್ಕೆ ವರ್ಗ.
ಲಿನನ್ನಿಗೆ ವರ್ಗವಿಲ್ಲ.
ಮೇಲಿನ ಖಾನೆಯಲ್ಲಿ, ಉಪ್ಪುಗಾಳಿಗೆ,
ಮಡಿಕೆ ಮಡಿಕೆಯಲ್ಲೇ ಹಳದಿಯಾಗುತ್ತ ಕೂತಿತು.

ತಮ್ಮ ಅಂದ: ಅಂಗಡಿ ದೊಡ್ಡದು ಮಾಡು,
ಪಕ್ಕದ ಝೆರಾಕ್ಸಿನವ ಬಿಡ್ತಾನಂತೆ, ಗೋಡೆ ಒಡೆ.
ಬ್ಯಾಂಕಿನ ಫಾರ್ಮು ತುಂಬಿಯೂ ಇಟ್ಟೆ.
ಮರ್ಸೆಲಿನ್ ಹೊಲಿಗೆಯಿಂದ ತಲೆಯೆತ್ತದೆ
"ಖಾಲಿ ಹೊಟ್ಟೆಗೆ ದೊಡ್ಡ ಅಂಗಿ ಹೊಲಿದರೆ
ಊಟ ಆದಂಗಾ?" ಅಂದಳು.

ಆಗಲೇ ಗುಲಾಬಿ ಕಂಡದ್ದು.
ಮಾರ್ಕೆಟ್ಟು ಮುಗಿಸಿ, ಖಾಲಿ ಬುಟ್ಟಿ ಬೋರಲು ಹಾಕಿ
ಎದುರಿನ ಕಟ್ಟೆಯಲ್ಲಿ ಕೂರುವಳು.
ನೆರಳಿಗೆ ಅಂದುಕೊಂಡಿದ್ದೆ.
ಹನ್ನೊಂದು ದಿನ ಬೇಕಾಯಿತು ನನಗೆ
ಅವಳು ನೋಡುತ್ತಿದ್ದುದು ನನ್ನ ಗೊಂಬೆಯನ್ನೆಂದು ತಿಳಿಯಲು.
ಎಡಮುಂಗೈ ಇಲ್ಲದ ಗೊಂಬೆ,
ಅದರ ಮೈಮೇಲೆ ಗಿಳಿಹಸಿರು ಕುಪ್ಪಸ.

ಒಳಗೆ ಬಾ ಅಂದೆ.
ಎರಡೂ ಅಂಗೈ ತೋರಿಸಿದಳು.
"ಬಂಗಡೆ."
ಅಷ್ಟೇ. ಮತ್ತೆ ಬುಟ್ಟಿಯೆತ್ತಿ ಹೊರಟಳು.

ರಾತ್ರಿ ಲೆಕ್ಕದ ಪುಸ್ತಕ ತಿರುವಿದೆ.
ನಿಲುವುಗನ್ನಡಿಗೆ ನಾಲ್ಕು ಸಾವಿರ,
ಹಳದಿ ದೀಪಗಳಿಗೆ ಆರು,
ಏನೂ ಬಾರದ ಜಾಹೀರಾತಿಗೆ ಎರಡೂವರೆ.
ಬಾಗಿಲಿಗೆ ಒಂದು ಪೈಸೆ ಹಾಕಿರಲಿಲ್ಲ.

ಮಾರನೆ ದಿನ ಮೆಟ್ಟಿಲ ಪಕ್ಕ ಒಂದು ನಲ್ಲಿ.
ಏಳುನೂರ ಐವತ್ತು, ಸೋಪು ಬೇರೆ.
ತಟ್ಟೆಯಲ್ಲಿ ನಾಲ್ಕು ಹೋಳು ನಿಂಬೆ.

ಗುಲಾಬಿ ಮೊಣಕೈವರೆಗೆ ತೊಳೆದಳು,
ಮೂಸಿ ನೋಡಿ ಮತ್ತೊಮ್ಮೆ ತೊಳೆದಳು,
ಒಳಬಂದು ಹಸಿರನ್ನು ಮುಟ್ಟದೆ
ಮೇಲಿನ ಖಾನೆಗೆ ಬೆರಳು ಮಾಡಿದಳು.
"ಅದೆಷ್ಟು ದಿನದ್ದು?"
ಎರಡು ವರ್ಷ, ಅಂದೆ.
ನಕ್ಕ ನಗೆಗೆ ಗೊಂಬೆಯೂ ಅಲುಗಿರಬೇಕು.

"ಏಳಕ್ಕೊಂದು ರೇಟು, ಹತ್ತಕ್ಕೊಂದು,
ಹನ್ನೆರಡಕ್ಕೆ ಬಾಯಿಗೆ ಬಂದದ್ದು.
ಮತ್ತೂ ಉಳಿದರೆ ಉಪ್ಪು ಹಾಕು.
ನೀ ಎರಡು ವರ್ಷ ಅದೇ ರೇಟು ಕೂಗ್ತಾ ಕೂತೀಯಲ್ಲ ಬಾಯೀ,
ನಾತ ನನ್ನ ಕೈಯದಾ, ನಿನ್ನ ಖಾನೆಯದಾ?
ನಂದೂ ಬುಟ್ಟಿ, ನಿಂದೂ ಬುಟ್ಟಿ.
ಬೋರ್ಡಲ್ಲೇ ಬರೆದೀಯಲ್ಲ."

ಲಿನನ್ನಿಗೆ ಉಪ್ಪು ಹಾಕುವುದು ಹೇಗೆ?
ಮರ್ಸೆಲಿನ್ ಮೊದಲ ಸಲ ತಲೆಯೆತ್ತಿದಳು.
ಸೊಂಟಕ್ಕೆ ಕಟ್ಟುವ ಚೀಲ,
ಒಳಗೆ ರೆಕ್ಸಿನ್ನು, ನೋಟಿಗೊಂದು ಖಾನೆ, ಚಿಲ್ಲರೆಗೊಂದು,
ಮೂರನೆಯದು ಗುಟ್ಟಿನದು, ಗಂಡನ ಕೈಗೆಟುಕದ್ದು.
ಮೊದಲನೆಯದು ಗುಲಾಬಿಗೆ, ಪುಕ್ಕಟೆ ಅಂದರೆ ಬೈದಳು.
ಒದ್ದೆ ನೋಟು ಎಣಿಸಿ ಕೊಟ್ಟಳು,
ಅದಕ್ಕಂಟಿದ ಒಂದು ಹುರುಪೆ
ಇವತ್ತಿಗೂ ಗಲ್ಲಾಪೆಟ್ಟಿಗೆಯ ತಳದಲ್ಲಿ ಹೊಳೆಯುತ್ತದೆ.

ಏಪ್ರಿಲ್ ಮುಗಿಯುವಾಗ ನಲವತ್ತೊಂದು ಚೀಲ.
ಕೋಡಿಬಾಗ, ಸದಾಶಿವಗಡ, ಮಾಜಾಳಿಯ ತನಕ.
ಗಿಳಿಹಸಿರು ಕುಪ್ಪಸ ಮೂರು ಅಳತೆಯಲ್ಲಿ.
ಜೂನಿಗೆ ಬೋಟುಗಳು ಬೈತಖೋಲಿನಲ್ಲಿ ಕಟ್ಟಿ ನಿಂತವು,
ನಲ್ಲಿಯೂ ಒಣಗಿತು.
ಆ ತಿಂಗಳ ಹಾಳೆಯಲ್ಲಿ ಬಾಡಿಗೆ ಬಿಟ್ಟರೆ
ಬರೆಯಲು ಏನಿಲ್ಲ.
ಹೀಗಾಗಿ ಫಾರ್ಮನ್ನು ಹರಿದಿಲ್ಲ, ಕೊಟ್ಟೂ ಇಲ್ಲ,
ಡ್ರಾಯರಿನಲ್ಲಿದೆ.

ನಿನ್ನೆ ಯಾರೋ ಹೊಸಬಳು, ಅಂಬಾಲಾದ ಕಡೆಯವಳಂತೆ,
ಸ್ಕೂಟಿ ನಿಲ್ಲಿಸಿ ಮಳೆಯಲ್ಲೇ ಮೆಟ್ಟಿಲ ಬಳಿ ತಡೆದಳು.
ನಲ್ಲಿ ನೋಡಿದಳು, ನಿಂಬೆ ನೋಡಿದಳು,
ಚಪ್ಪಲಿ ಬಿಟ್ಟು, ಶ್ರದ್ಧೆಯಿಂದ ಕೈ ತೊಳೆದು
ಒಳಗೆ ಬಂದು ಮೆಲ್ಲಗೆ ಕೇಳಿದಳು:
ಇದು ಈ ಊರಿನ ಪದ್ಧತಿಯೇ?

ಹೌದು, ಅಂದೆ.
ಮರ್ಸೆಲಿನ್ನಿನ ಮಿಷನ್ನು
ಒಂದು ಕ್ಷಣ ನಿಂತು, ಮತ್ತೆ ಓಡಿತು.