ಹಿಂದಿನ ಸೇವೆ

ನಿಮ್ಮ ಫಾರಮ್ಮಿನಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೀರಿ ಸಾರ್,
‘ಬಾಯ್ಲರಿನ ಹಿಂದಿನ ಸೇವೆ’ ಅಂತ.
ಅಷ್ಟರಲ್ಲಿ ಹಿಡಿಸೋದಿಲ್ಲ.
ಸ್ಟೂಲ್ ಮೇಲೆ ಕೂತ್ಕೊಳ್ಳಿ. ಆ ಕಡೆ ಬೇಡ, ಮೈ ಸುಡುತ್ತೆ.

ಇದು ಶಿಡ್ಲಘಟ್ಟಕ್ಕೆ ಬಂದದ್ದು ಚಿಕ್ಕ ರೈಲಿನಲ್ಲಿ,
ಬಂಗಾರಪೇಟೆಯಿಂದ, ತೆರೆದ ಡಬ್ಬಿಯಲ್ಲಿ, ಹುಲ್ಲು ಹೊದ್ದು.
ಸ್ಟೇಷನ್ನಿಂದ ಇಲ್ಲಿಗೆ ಎಂಟು ಜೋಡಿ ಎತ್ತು, ಎರಡು ದಿನ.
ಆನೆ ಬಂತು ಅಂತ ಜನ ಓಡಿಬಂದಿದ್ದರು.
ಕೋನಪ್ಪ ಶೆಟ್ಟರು ಬೊಂಬಾಯಿಯ ಗುಜರಿಯಲ್ಲಿ
ತೂಕದ ಲೆಕ್ಕಕ್ಕೆ ಕೊಂಡದ್ದು: ಒಂದು ತೋಪಿನ ಹಡಗಿನ ಹೊಟ್ಟೆ.
ಜೊತೆಗೆ, ತಕ್ಕಡಿಗೆ ಹಾಕದೆ, ಒಬ್ಬ ಮನುಷ್ಯ,
ದಾವೂದ್ ಖಲಾಸಿ. ಎಲ್ಲೆಲ್ಲಿ ಸೋರುತ್ತೆ ಅನ್ನೋದು
ಅವನೊಬ್ಬನಿಗೇ ಗೊತ್ತಿತ್ತು.

ಹಡಗಿನ ಹೆಸರು? ನೋಡಿ, ನಾಲ್ಕು ತಿರುಪಿನ ತೂತು.
ಹಿತ್ತಾಳೆ ಫಲಕ ಕರಗಿಸಿ ಶೆಟ್ಟರು ಗಂಟೆ ಎರಕ ಹೊಯ್ಯಿಸಿದರು.
ಬೆಳಿಗ್ಗೆ ಏಳಕ್ಕೆ ಹೊಡೀತೀವಲ್ಲ, ಅದೇ ಹೆಸರು.

ಹನ್ನೊಂದು ವರ್ಷ ಕಾವಲು.
ಯಾವುದೋ ಅರಬರ ಕಡಲು, ಯಾವುದೋ ಬಂದರಿನ ಬಾಯಿ;
ಒಳಗಿನದು ಹೊರಗೆ ಬರಕೂಡದು, ಹೊರಗಿನದು ಒಳಗೆ ಹೋಗಕೂಡದು.
ಈ ಗುಡ್ಡದಿಂದ ಆ ಗುಡ್ಡಕ್ಕೆ, ತಿರುಗಿ ಈ ಗುಡ್ಡಕ್ಕೆ,
ಗಾಣದೆತ್ತಿನ ಹಾಗೆ.
ನಾನಾಗ ಸೌದೆ ಹೊರುವ ಹುಡುಗ. ಕೇಳಿದೆ,
‘ಸಮುದ್ರ ಹೆಂಗಿರ್ತದೆ, ಚಾಚಾ?’
‘ಬಿಸಿ’ ಅಂದ.
ಅವನಿದ್ದದ್ದು ನೀರಿನ ಗೆರೆಗಿಂತ ಕೆಳಗೆ ಸಾರ್, ಒಲೆಯ ಮುಂದೆ.
ಕಂಡದ್ದು ಬೆಂಕಿ, ಕಲ್ಲಿದ್ದಲು, ಈ ಮುಳ್ಳು.
ಮೇಲಿಂದ ‘ಜೋರು’ ಅಂತ ಬಂದರೆ ಸಲಿಕೆ ಓಡಬೇಕು.
ಯಾರನ್ನ ಅಟ್ಟಿಸಿಕೊಂಡು ಹೋದೆವು ಅಂತ ಹೇಳೋರಿಲ್ಲ.
ರಾತ್ರಿ ತಟ್ಟೆಗೆ ಖರ್ಜೂರ ಬಿದ್ದರೆ, ಓಹೋ, ಖರ್ಜೂರದ ದೋಣಿ.
ತಲೆ ಮೇಲೆ ಮೇಕೆ ಕೂಗಿದರೆ ಮೇಕೆಯದು.
ತೋಪು ಹಾರಿದ್ದು ಅಷ್ಟು ವರ್ಷದಲ್ಲಿ ಮೂರೇ ಸಲ.
ಮೂರು ಸಲವೂ ದಾವೂದನ ನೆತ್ತಿಗೆ ಮಸಿ ಉದುರಿತು.

ಒಂದು ದಿನ ನೀರೆಳೆಯೋ ಕೊಳವೆ ಕಟ್ಟಿಕೊಂಡಿತು.
ಜಾಲರಿ ಬಿಚ್ಚಿ ಕೈ ಹಾಕಿದ:
ಅಕ್ಕಿ.
ಉಪ್ಪುನೀರಿಗೆ ಊದಿದ ಅಕ್ಕಿ, ಹಿಡಿ ಹಿಡಿ, ಬಕೆಟ್ಟು ಬಕೆಟ್ಟು.
ಮೇಲೆ ಯಾರದೋ ಮೂಟೆ ಸೀಳಿ ಕಡಲಿಗೆ ಸುರಿದಿದ್ದರು.
ಬಂದರಿನೊಳಗೆ ಎಷ್ಟು ಒಲೆ ಅದನ್ನ ಕಾಯ್ತಿತ್ತೋ
ಅವನಿಗೆ ಗೊತ್ತಿಲ್ಲ. ಕೇಳಲಿಲ್ಲ. ಜಾಲರಿ ತೊಳೆದು ತಿರುಪು ಹಾಕಿದ.
ಇಪ್ಪತ್ತೆರಡು ವರ್ಷ ನಮ್ಮೂರಲ್ಲಿದ್ದ ಸಾರ್,
ಮದುವೆ ಮನೆಯಲ್ಲೂ ಮುದ್ದೆಯನ್ನೇ ಕೇಳಿ ಉಂಡ.
ರಾಗಿ ಮೇಲೆ ಪ್ರೀತಿ ಅಂದುಕೊಂಡು ನಾವು ಬೀಗಿದ್ದೆವು.

ಆಮೇಲಿನದು ನಿಮ್ಮ ಕಣ್ಣೆದುರಿಗೇ ಇದೆ:
ಆವಿ ಕೊಳವೆ ಹಿಡಿದು ತೊಟ್ಟಿಗೆ, ತೊಟ್ಟಿಯಲ್ಲಿ ಗೂಡು,
ಗೂಡಿನೊಳಗೆ, ಬಾಗಿಲೇ ಇಟ್ಟುಕೊಳ್ಳದೆ ಮಲಗಿರೋ ಹುಳ.
ಎಳೆ ಹುಡುಕೋ ಹೆಂಗಸರ ಬೆರಳ ತುದಿ ಬೆಂದು ಬಿಳಿ.

ಅರವತ್ತರ ಹತ್ತಿರ ಮುಳ್ಳು ಸ್ವಲ್ಪ ನಡುಗುತ್ತೆ, ಅದನ್ನ ದೋಷ ಅಂತ ಬರೀಬೇಡಿ.
ಬಂದರಿನ ಎದುರು, ಬೆಂಕಿಗೆ ಬೂದಿ ಹೊದಿಸಿ,
ಹೋಗು ಅಂತಲೂ ಅಲ್ಲ, ನಿಲ್ಲು ಅಂತಲೂ ಅಲ್ಲ,
ರಾತ್ರಿಗಟ್ಟಲೆ ಹಿಡಿದಿಟ್ಟಿದ್ದ ಒತ್ತಡ ಅದು.
ಊಟದ ಹೊತ್ತಲ್ಲಿ ನಾವೂ ಅಲ್ಲೇ ಇಡ್ತೀವಿ. ಇಳಿಸಿದರೆ ಸೋರುತ್ತೆ.

ಏನು ಬರೆದಿರಿ?
‘ಮಾಹಿತಿ ಇಲ್ಲ.’
ಆಗಲಿ. ಸಹಿ ಇಲ್ಲೇನಾ? ಪಿಳ್ಳಪ್ಪ. ಳಕಾರಕ್ಕೆ ಒತ್ತು.
ಒಂಚೂರು ಸರೀರಿ ಸಾರ್,
ಒಂದೂವರೆ ಆಯ್ತು, ಗಂಟೆ ಹೊಡೀಬೇಕು.