ಹಂಡೆ, ತಾಮ್ರದ್ದು, ಒಂದು

ಬರೆದವನು ನಾನೇ. ಅಕ್ಷರ ಗುರುತಿದೆ,
‘ತಾಮ್ರ’ದ ರಾವೊತ್ತು ಬಾಲ ಎಳೆದು
ಕೆಳಗಿನ ಮನೆಗೆ ನುಗ್ಗಿದೆ.
ಧಾತು ಸಂವತ್ಸರ, ಪುಷ್ಯ. ಶಿವಮೊಗ್ಗೆ ಪೇಟೆ.
ಮೈಲಮ್ಮ, ಭತ್ತ ಬೇಯಿಸುವಾಕೆ.
ಮನೆಗಂದಾಯ, ಎರಡು ಸಾಲಿನ ಬಾಕಿ, ಹನ್ನೊಂದಾಣೆ.
ಜಫ್ತಿ: ಹಂಡೆ, ತಾಮ್ರದ್ದು, ಒಂದು.
ಕಂಠದಲ್ಲಿ ನೆಗ್ಗು.

ನೆಗ್ಗು ಬರೆಯಲೇಬೇಕೆಂದೇನೂ ಇರಲಿಲ್ಲ.
ಹರಾಜಿನಲ್ಲಿ ತಕರಾರು ಏಳದಿರಲೆಂದು ಬರೆದೆ.

ಅವಳು ಅಡ್ಡ ನಿಲ್ಲಲಿಲ್ಲ.
ಬೈಯಲಿಲ್ಲ ಎಂದರೆ ಸುಳ್ಳಾದೀತು:
ಬೈದದ್ದು ಜವಾನ ಪೀರೂವನ್ನು, ಅಂಗಳದಲ್ಲಿ ಉರುಳಿಸಿದ್ದಕ್ಕೆ.
‘ಹೊತ್ಕೊಂಡೋಗು, ಉಳ್ಳಿಸ್ಬ್ಯಾಡ.
ಒಂದು ನೆಗ್ಗು ಸಾಕು ಅದಕ್ಕೆ.’

ಹರಾಜಿಗೆ ಮೂವರು ಬಂದರು, ಕೂಗು ಏಳಲಿಲ್ಲ.
ಆ ವರ್ಷ ಊರೆಲ್ಲ ಪಾತ್ರೆ ಮಾರುವವರೇ.
ಕಚೇರಿ ಜಗುಲಿಯಲ್ಲಿ ಬಿದ್ದಿತ್ತು ಹಂಡೆ;
ದಫೇದಾರನ ಬೆಕ್ಕು ಅದರೊಳಗೆ ಮರಿ ಹಾಕಿತು, ಮೂರು.

ಆಮೇಲೆ ಈಶ್ವರ ಸಂವತ್ಸರ.
ಮೂಡಲ ಸೀಮೆಯಿಂದ ಜನ ನಡೆದು ಬಂದರು,
ಎತ್ತಿಲ್ಲದ ಗಾಡಿಗಳನ್ನು ತಾವೇ ಎಳೆದುಕೊಂಡು.
ಹೊಳೆದಂಡೆಯಲ್ಲಿ ಗಂಜಿಮನೆ ತೆರೆಯಿರಿ,
ಪಾತ್ರೆ ಸಾಲದಿದ್ದರೆ ಕಚೇರಿಯದ್ದು ಬಳಸಿ, ಎಂದು ಹುಕುಂ.
ಬೆಕ್ಕಿನ ಮರಿಗಳನ್ನು ದಫ್ತರದ ಪೆಟ್ಟಿಗೆಗೆ ಸಾಗಿಸಿ
ಹಂಡೆಯನ್ನು ಎಡಪುಟದಿಂದ ಬಲಪುಟಕ್ಕೆ ಬರೆದುಕೊಂಡೆ.

ದಿನಕ್ಕೆ ಇನ್ನೂರು ತಗಡಿನ ಬಿಲ್ಲೆ. ಹಂಚುವವನೂ ನಾನೇ.
ಯಾರದೋ ಸೊಂಟದ ಕೂಸನ್ನು ಎಣಿಸಬೇಕೋ ಬೇಡವೋ
ಎಂಬ ಜಗಳದ ನಡುವೆ ತಲೆ ಎತ್ತಿದರೆ, ಮೈಲಮ್ಮ.
ಕೈ ಚಾಚಿರಲಿಲ್ಲ. ಸೆರಗಿನೊಳಗಿತ್ತು.

ಕಾನೂನು ಹೇಳಿದೆ. ನಿನ್ನ ಹೆಸರು ಕಂದಾಯದ ಪುಸ್ತಕದಲ್ಲಿದೆ,
ಮನೆಯುಳ್ಳವಳು ನಿರ್ಗತಿಕಳಲ್ಲ,
ಬಿಲ್ಲೆ ಬರುವುದಿಲ್ಲ.
ಹೇಳಿದ್ದು ಸರಿಯಾಗಿಯೇ ಇತ್ತು. ಈಗಲೂ ಸರಿಯೇ.

ಅವಳು ನನ್ನತ್ತ ನೋಡುತ್ತಲೇ ಇರಲಿಲ್ಲ.
ಮೂಗು ಗಾಳಿಗೆ ಒಡ್ಡಿ ನಿಂತಿದ್ದಳು.
‘ಬಲಗಡೆ ಸೀದೋಗ್ತದೆ ಅದು.
ಕಟ್ಟಿಗೆ ಎಡಕ್ಕೆ ಎಳೀರಿ.’
ಯಾರೂ ಎಳೆಯಲಿಲ್ಲ. ತಾನೇ ಹೋಗಿ ಎಳೆದಳು,
ಸಟ್ಟುಗ ಕಸಿದುಕೊಂಡು ತಳ ಕೆರೆದಳು,
ಎಡಗೈ ಮಾತ್ರ ಕಂಠದ ನೆಗ್ಗಿನ ಮೇಲೆ,
ಅಲ್ಲೇ ಇರಬೇಕಾದದ್ದು ಎಂಬಂತೆ.

ಅಡುಗೆಯಾಳು, ಹೆಂಗಸು, ಒಂದು. ಹಾಗೆ ಬರೆದುಕೊಂಡೆ,
ಹಂಡೆಯ ಕೆಳಗಿನ ಸಾಲಿನಲ್ಲಿ. ಕೂಲಿ: ಉಳಿದ ಗಂಜಿ.
ಆಮೇಲೆ ಗಂಜಿ ಸೀಯಲಿಲ್ಲ.
ಉಳಿದದ್ದೂ ಕಡಿಮೆಯೇ.

ಪುಟ ತಿರುವಿದರೆ ಹನ್ನೊಂದಾಣೆ ಹಾಗೇ ಇದೆ.
ಹೊಡೆದುಹಾಕುವ ಅಧಿಕಾರ ನನಗಿರಲಿಲ್ಲ.
ನೆಗ್ಗು ಬರೆಯಲು ಇತ್ತು.